ಸೋಲಾರ್ ಬಿಸಿನೀರಿಗೆ ಎರಡು ವಲಯದ ಕಂಟ್ರೋಲರ್: ದಾವಣಗೆರೆಯ ಮನೆಯೊಂದರ ಅನುಭವ

ಚಳಿ ದೇಶಗಳಲ್ಲಿ ಒಂದೇ ಬಾಯ್ಲರ್ ಕೋಣೆಗಳನ್ನು ಬೆಚ್ಚಗಿಟ್ಟು ನಲ್ಲಿಗೂ ಬಿಸಿನೀರು ಕೊಡುತ್ತದೆ. ಮನೆಯನ್ನು ವಲಯಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಥರ್ಮೋಸ್ಟಾಟ್ ಮತ್ತು ಮೋಟಾರ್ ವಾಲ್ವ್ ಇಟ್ಟಿರುತ್ತಾರೆ. ದಾವಣಗೆರೆಯಲ್ಲಿ ಕೋಣೆ ಕಾಯಿಸುವ ಪ್ರಮೇಯವಿಲ್ಲವಾದ್ದರಿಂದ, ಆ ಪದ್ಧತಿಯಲ್ಲಿ ನಮಗೆ ಬೇಕಾದದ್ದು ಬಿಸಿನೀರಿನ ಭಾಗ ಮಾತ್ರ. ತಾರಸಿಯ 200 ಲೀಟರಿನ ಸೋಲಾರ್ ಟ್ಯಾಂಕಿಗೆ, ಕೆಳಮನೆ ಮತ್ತು ಮಹಡಿ ಎಂಬ ಎರಡು ವಲಯಗಳಿಗೆ, ನಾವು ಹಾಕಿಸಿರುವ ಕಂಟ್ರೋಲರ್ ಕುರಿತು ಈ ವಿಮರ್ಶೆ.

ಇದರ ನಿಜವಾದ ಉಪಯೋಗ ಇರುವುದು ಟ್ಯಾಂಕಿನೊಳಗೆ ಕರೆಂಟಿನಿಂದ ನೀರು ಕಾಯಿಸುವ 2 ಕಿಲೋವ್ಯಾಟ್ ಕಾಯಿಲನ್ನು ಯಾವಾಗ ಹಾಕಬೇಕು, ಯಾವಾಗ ಹಾಕಬಾರದು ಎಂದು ತೀರ್ಮಾನಿಸುವುದರಲ್ಲಿ. ಕಾಯಿಲಿನ ಸ್ವಿಚ್ಚನ್ನು ಸದಾ ಹಾಕಿಯೇ ಇಟ್ಟರೆ, ಬೆಳಗ್ಗೆ ಎಲ್ಲರ ಸ್ನಾನ ಮುಗಿದು ಟ್ಯಾಂಕಿಗೆ ತಣ್ಣೀರು ತುಂಬಿದ ಕೂಡಲೇ ಥರ್ಮೋಸ್ಟಾಟ್ ಅದನ್ನು ಕರೆಂಟಿನಿಂದ ಕಾಯಿಸಿಬಿಡುತ್ತದೆ, ಆಮೇಲೆ ಬರುವ ಬಿಸಿಲಿಗೆ ಮಾಡಲು ಕೆಲಸವೇ ಉಳಿದಿರುವುದಿಲ್ಲ. 200 ಲೀಟರ್ ನೀರನ್ನು 25 ಡಿಗ್ರಿಯಿಂದ 45ಕ್ಕೆ ಏರಿಸಲು ಸುಮಾರು ನಾಲ್ಕೂವರೆ ಯೂನಿಟ್ಟಿಗಿಂತ ಹೆಚ್ಚು ವಿದ್ಯುತ್ತು, ಎರಡೂಕಾಲು ಗಂಟೆಗೂ ಮಿಕ್ಕಿ ಸಮಯ ಬೇಕು. ಕಂಟ್ರೋಲರ್ ಹಗಲು ಹೊತ್ತು ಕಾಯಿಲನ್ನು ತಡೆಹಿಡಿದು, ಬೆಳಗಿನ ಜಾವ ಸೆನ್ಸರ್ ನೋಡಿ ನೀರು ನಿಜವಾಗಿಯೂ ತಣ್ಣಗಿದ್ದರೆ ಮಾತ್ರ ಚಾಲೂ ಮಾಡುತ್ತದೆ. ಬಿಸಿಲು ಬಿದ್ದ ದಿನಗಳ ಮರುದಿನ ಅದು ಸಾಮಾನ್ಯವಾಗಿ ಸುಮ್ಮನಿರುತ್ತದೆ. ಮಳೆಗಾಲದ ಮೋಡದ ವಾರಗಳಲ್ಲಿಯೇ ಅದರ ದುಡಿಮೆ.

ವಲಯ ವಿಂಗಡಣೆಯ ಬಗ್ಗೆ ಅಂಗಡಿಯವರು ಹೇಳುವಷ್ಟನ್ನು ನಾನು ಹೇಳಲಾರೆ. ಬಾಯ್ಲರ್ ಪದ್ಧತಿಯಲ್ಲಿ ವಾಲ್ವ್ ಪೂರ್ತಿ ತೆರೆದಾಗ ಅದರೊಳಗಿನ ಸ್ವಿಚ್ಚೇ ಬಾಯ್ಲರನ್ನು ಎಬ್ಬಿಸುತ್ತದೆ, ಹಾಗಾಗಿ ವಲಯ ಮುಚ್ಚಿದರೆ ಇಂಧನ ಉಳಿಯುತ್ತದೆ. ಇಲ್ಲಿ ಕಾಯುವುದು ಒಂದೇ ಟ್ಯಾಂಕು. ಮಹಡಿಯ ವಾಲ್ವ್ ಮುಚ್ಚಿದ ಮಾತ್ರಕ್ಕೆ ಕಾಯಿಲಿನ ಖರ್ಚು ಇಳಿಯುವುದಿಲ್ಲ. ಮೋಡದ ದಿನ ಇರುವ ಬಿಸಿನೀರನ್ನು ಮೇಲಿನವರಿಗೂ ಕೆಳಗಿನವರಿಗೂ ಹಂಚಲು ಅನುಕೂಲ, ಅಷ್ಟೇ. (ಮಹಡಿಯಲ್ಲಿ ಬಾಡಿಗೆದಾರರಿರುವ ಮನೆಗಳಲ್ಲಿ ಇದು ಜಗಳ ತಪ್ಪಿಸುವ ಸಾಧನವೂ ಹೌದು.)

ವಾಲ್ವ್ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಅಗ್ಗದ ಸೊಲೆನಾಯ್ಡ್ (ವಿದ್ಯುತ್ಕಾಂತದಿಂದ ಕೆಲಸ ಮಾಡುವ) ವಾಲ್ವ್‌ಗಳಲ್ಲಿ ಹಲವು ತೆರೆದುಕೊಳ್ಳಲು ನೀರಿನ ಒತ್ತಡವನ್ನೇ ನೆಚ್ಚಿಕೊಂಡಿರುತ್ತವೆ. ತಾರಸಿಯ ಟ್ಯಾಂಕು ಮಹಡಿಯ ಬಚ್ಚಲಿಗಿಂತ ಎರಡು-ಮೂರು ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ 0.2ರಿಂದ 0.3 ಬಾರ್ ಮಾತ್ರ. ಮೇಲಾಗಿ ಬೋರ್‌ವೆಲ್ಲಿನ ಗಡಸು ನೀರು ಬಿಸಿಯಾದಾಗ ಬಿಡುವ ಸುಣ್ಣ ಅವುಗಳ ಸಣ್ಣ ರಂಧ್ರಗಳಲ್ಲಿ ಕಟ್ಟಿಕೊಳ್ಳುತ್ತದೆ. ಮೋಟಾರ್ ಬಾಲ್ ವಾಲ್ವ್‌ಗೆ ಒತ್ತಡದ ಹಂಗಿಲ್ಲ, ಮತ್ತು ಸಾಮಾನ್ಯ ಮಾದರಿಯಾದರೆ ಕರೆಂಟ್ ಹೋದಾಗ ಇದ್ದ ಸ್ಥಿತಿಯಲ್ಲೇ ನಿಲ್ಲುತ್ತದೆ. ಸ್ನಾನದ ಮಧ್ಯೆ ನೀರು ನಿಲ್ಲಬಾರದೆನ್ನುವವರಿಗೆ ಇದೇ ಸರಿ.

ಫೋನಿನ ಆ್ಯಪ್ ನನಗೆ ಅನಗತ್ಯವೆನಿಸಿತು: ಒಮ್ಮೆ ವೇಳೆ ಹೊಂದಿಸಿದ ಮೇಲೆ ಅದನ್ನು ತೆರೆಯುವ ಸಂದರ್ಭವೇ ಬರಲಿಲ್ಲ. ಆ ಹಣವನ್ನು ಒಳ್ಳೆಯ ಕಾಂಟ್ಯಾಕ್ಟರಿಗೆ, ಅಂದರೆ ಹೆಚ್ಚು ಕರೆಂಟನ್ನು ತಾಳಿಕೊಂಡು ಕಾಯಿಲನ್ನು ಹಾಕಿ-ಆರಿಸುವ ಸ್ವಿಚ್ಚಿಗೆ, ಹಾಕುವುದು ಲೇಸು. ನಮ್ಮದಕ್ಕಿಂತ ದೊಡ್ಡದಾದ 3 ಕಿಲೋವ್ಯಾಟಿನ ಕಾಯಿಲ್ ಸುಮಾರು 13 ಆಂಪಿಯರ್ ಎಳೆಯುವುದರಿಂದ 10 ಆಂಪಿಯರಿನ ರಿಲೇ (ಸಣ್ಣ ವಿದ್ಯುತ್ ಸ್ವಿಚ್) ಅದನ್ನು ತಾಳಲಾರದು. ಒಂದೇ ಬಚ್ಚಲಿರುವ ಮನೆಗೆ ವಾಲ್ವ್‌ಗಳೇ ಬೇಡ. ಟೈಮರ್, ಸೆನ್ಸರ್, ಕಾಂಟ್ಯಾಕ್ಟರ್ ಮತ್ತು ಸರಿಯಾದ ಅರ್ಥಿಂಗ್ ಇದ್ದರೆ ಸಾಕು.