ಬೆಳೆಯದ ಕೋಳಿಮರಿಗೆ ಸಿರಿಂಜ್‌ನಲ್ಲಿ ಕುಡಿಸುವ ಮುಂಚೆ ಇದನ್ನು ಓದಿ

ಗುಂಪಿನಲ್ಲಿ ಒಂದು ಮರಿ ಮಾತ್ರ ಬೆಳೆಯುತ್ತಿಲ್ಲ ಅಂತ ಅದರ ಬಾಯಿಗೆ ಹಾಲು, ಗಂಜಿ, ಟಾನಿಕ್ ಬಿಡಲು ಹೊರಟಿದ್ದರೆ ದಯವಿಟ್ಟು ಐದು ನಿಮಿಷ ತಡೆಯಿರಿ. ಹೋದ ವರ್ಷ ಮಳೆಗಾಲದಲ್ಲಿ ನಾನು ಅದನ್ನೇ ಮಾಡಿದೆ. ಆ ಮರಿ ನನ್ನ ಅಂಗೈಯಲ್ಲೇ ಸತ್ತಿತು. ಅದರ ಹಿಂದೆ ಇನ್ನೂ ಐದು ಮರಿ ಹೋದವು.

ನಮ್ಮದು ಹಾಸನ ಜಿಲ್ಲೆ, ಆಲೂರು ಕಡೆ. ಜುಲೈನಲ್ಲಿ ಇಲ್ಲಿ ಜಡಿಮಳೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅಂಥ ಹೊತ್ತಿನಲ್ಲಿ ಒಂದು ದಿನದ ಇಪ್ಪತ್ತು ಗಿರಿರಾಜ ತಳಿಯ ಮರಿ ತಂದೆವು. ನಾಟಿ ಕೋಳಿ ಮನೆಯಲ್ಲಿ ಮೊದಲಿಂದಲೂ ಇವೆ. ಆದರೆ ಆ ಮರಿಗಳನ್ನು ತಾಯಿಕೋಳಿಯೇ ರೆಕ್ಕೆಯಡಿ ಇಟ್ಟುಕೊಂಡು ಸಾಕುತ್ತದೆ, ಅದರ ಕಷ್ಟ ನಮಗೆ ಗೊತ್ತೇ ಆಗುವುದಿಲ್ಲ. ತಾಯಿ ಇಲ್ಲದ ಮರಿ ಸಾಕಿದ್ದು ನನಗೆ ಅದೇ ಮೊದಲು. ಒಂದು ದೊಡ್ಡ ರಟ್ಟಿನ ಪೆಟ್ಟಿಗೆ, ಒಳಗೆ ಭತ್ತದ ಹೊಟ್ಟು, ಮೇಲೆ ನೇತಾಡುವ 60 ವ್ಯಾಟಿನ ಬಲ್ಬು. ಇಷ್ಟೇ ನನ್ನ ಏರ್ಪಾಡು.

ನಾಲ್ಕೈದು ದಿನಕ್ಕೆ ಒಂದು ಮರಿ ಹಿಂದೆ ಬಿದ್ದಿದ್ದು ಕಣ್ಣಿಗೆ ಕಂಡಿತು. ಉಳಿದವಕ್ಕೆ ರೆಕ್ಕೆಯ ಗರಿ ಮೂಡುತ್ತಿತ್ತು, ಇದಕ್ಕೆ ಇನ್ನೂ ಹಳದಿ ತುಪ್ಪಳವೇ. ಒಂಬತ್ತನೇ ದಿನ ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಉಳಿದವು 85, 90 ಗ್ರಾಂ. ಇದು 48.

ಹಸಿವು ಅಂತಲೇ ಅಂದುಕೊಂಡೆ. ಪಾಪ, ಬೇರೆಯವು ತಿನ್ನಲು ಬಿಡುತ್ತಿಲ್ಲ, ನಾನೇ ತಿನ್ನಿಸಬೇಕು ಅಂತ. ಕೋಳಿಗಳಿಗೆ ಬರುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಏಳನೇ ದಿನವೇ ಹಾಕಿಸಿದ್ದೆವು, ಹಾಗಾಗಿ ಕಾಯಿಲೆಯ ಯೋಚನೆಯೇ ಬರಲಿಲ್ಲ. ಮರಿಯನ್ನು ಒಂದು ಬುಟ್ಟಿಯಲ್ಲಿ ಒಂಟಿಯಾಗಿ ಒಲೆಯ ಹತ್ತಿರ ಇಟ್ಟೆ. ದಿನಕ್ಕೆ ನಾಲ್ಕು ಸಲ ಸಿರಿಂಜ್‌ನಲ್ಲಿ ಹಸುವಿನ ಹಾಲು, ತೆಳ್ಳಗಿನ ರಾಗಿ ಗಂಜಿ. ಮೇವಿನ ಅಂಗಡಿಯವರು ಕೊಟ್ಟ ವಿಟಮಿನ್ ಟಾನಿಕ್ ಬೇರೆ. ನಮ್ಮತ್ತೆ ಬಾಗಿಲಲ್ಲೇ ನಿಂತು, "ಅದನ್ನ ಒಂಟಿ ಮಾಡ್ಬೇಡ ಕಣವ್ವ, ಕೂಗಿ ಕೂಗಿನೇ ಸೊರಗುತ್ತೆ" ಅಂದರು. ನಾನು ಕೇಳಲಿಲ್ಲ.

ಎರಡೇ ದಿನಕ್ಕೆ ಹಿಕ್ಕೆ ನೀರಾಯಿತು. ಹಾಲಿನ ಸಕ್ಕರೆಯಂಶವನ್ನು ಅರಗಿಸುವ ಶಕ್ತಿ ಕೋಳಿಗೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜಾಸ್ತಿ ಕೊಟ್ಟರೆ ಭೇದಿ ಹತ್ತುತ್ತದೆ. ನನಗೆ ಅದು ಗೊತ್ತಿರಲಿಲ್ಲ. ಹಿಕ್ಕೆ ಹಿಂಭಾಗಕ್ಕೆ ಮೆತ್ತಿಕೊಂಡು ಒಣಗಿ, ದ್ವಾರವೇ ಮುಚ್ಚಿತ್ತು. ಅದನ್ನು ಒಣಗಿದಂತೆಯೇ ಕೈಯಲ್ಲಿ ಕಿತ್ತೆ. ತುಪ್ಪಳದ ಜೊತೆ ಚರ್ಮವೂ ಕಿತ್ತು ಬಂತು, ರಕ್ತ ಜಿನುಗಿತು. ಅಳುತ್ತಿದೆಯಲ್ಲಾ, ಗುಂಪಿನಲ್ಲಿದ್ದರೆ ಸುಮ್ಮನಾಗುತ್ತದೆ ಅಂತ ಹಾಗೇ ವಾಪಸ್ ಪೆಟ್ಟಿಗೆಗೆ ಬಿಟ್ಟೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಎಲ್ಲವೂ ಸೇರಿ ಆ ಕೆಂಪು ಗಾಯವನ್ನೇ ಕುಕ್ಕುತ್ತಿದ್ದವು. ಕೆಂಪು ಕಂಡರೆ ಕೋಳಿಗಳು ಬಿಡುವುದಿಲ್ಲ, ಅಕ್ಕತಂಗಿ ಅಂತ ನೋಡುವುದಿಲ್ಲ. ರಕ್ತ ಜಿನುಗುವ ಮರಿಯನ್ನು ಗುಂಪಿನ ಕೈಗೆ ಸಿಗುವ ಹಾಗೆ ಯಾವತ್ತೂ ಬಿಡಬೇಡಿ.

ಮತ್ತೆ ಬುಟ್ಟಿಗೆ ತಂದೆ, ಮತ್ತೆ ಗಂಜಿ. ಗಾಯಕ್ಕೆ ಅರಿಸಿನ ಹಚ್ಚುತ್ತಾ, ಗಂಜಿ ಬಿಡುತ್ತಾ ಇನ್ನೊಂದು ವಾರ ಕಳೆಯಿತು. ತೂಕ ಒಂದು ದಿನ ಎರಡು ಗ್ರಾಂ ಏರಿದರೆ ಮಾರನೇ ದಿನ ಇಳಿಯುತ್ತಿತ್ತು. ಹದಿನೆಂಟನೇ ದಿನ ರಾತ್ರಿ ಕರೆಂಟು ಹೋಗಿತ್ತು. ಮೊಬೈಲ್ ಬೆಳಕಿನಲ್ಲಿ ಸಿರಿಂಜ್ ಹಿಡಿದು ಸ್ವಲ್ಪ ಜೋರಾಗಿ ಒತ್ತಿಬಿಟ್ಟೆ ಅನ್ನಿಸುತ್ತದೆ. ಮರಿ ಒಂದು ಸಲ ತಲೆ ಕೊಡವಿತು. ಮೂಗಿನ ತೂತಿನಲ್ಲಿ ರಾಗಿ ಬಣ್ಣದ ಒಂದು ಗುಳ್ಳೆ ಬಂತು, ಒಡೆಯಿತು, ಇನ್ನೊಂದು ಬಂತು. ಬಾಯಿ ತೆರೆದು ಕತ್ತು ಚಾಚಿ ಉಸಿರಿಗೆ ಎಳೆದಾಡಿತು. ಒಂದೆರಡು ನಿಮಿಷ ಅಷ್ಟೇ. ಆಮೇಲೆ ಕಾಲು ನೀಡಿಕೊಂಡಿತು.

ಕೋಳಿಮರಿಯ ಬಾಯಿ ತೆರೆದು ನೋಡಿದರೆ ನಾಲಿಗೆಯ ಬುಡದಲ್ಲೇ ಒಂದು ಸಣ್ಣ ಸೀಳು ಕಾಣುತ್ತದೆ. ಅದೇ ಶ್ವಾಸನಾಳದ ಬಾಯಿ. ನಮ್ಮ ಹಾಗೆ ಅದಕ್ಕೆ ಮುಚ್ಚಳ ಇಲ್ಲ. ಸಿರಿಂಜ್‌ನಿಂದ ನಾಲಿಗೆ ಮೇಲೆ ಬಿಟ್ಟ ಗಂಜಿ ನೇರ ಅಲ್ಲಿಗೆ ಇಳಿಯಬಹುದು. ಐವತ್ತು ಗ್ರಾಂ ತೂಕದ ಜೀವಕ್ಕೆ ನಾಲ್ಕು ಹನಿ ಸಾಕು. ಇದು ನನಗೆ ಗೊತ್ತಾಗಿದ್ದು ಮರಿ ಸತ್ತ ಮೇಲೆ.

ಅಲ್ಲಿಗೆ ಮುಗಿಯಲಿಲ್ಲ. ಮೂರನೇ ದಿನ ಬೆಳಿಗ್ಗೆ ಪೆಟ್ಟಿಗೆಯ ಹೊಟ್ಟಿನ ಮೇಲೆ ಅಲ್ಲಲ್ಲಿ ಇಟ್ಟಿಗೆ ಬಣ್ಣದ ಹಿಕ್ಕೆ. ನಾಲ್ಕೈದು ಮರಿ ರೆಕ್ಕೆ ಇಳಿಬಿಟ್ಟು ಕಣ್ಣು ಮುಚ್ಚಿ ನಿಂತಿದ್ದವು. ಪಶು ಆಸ್ಪತ್ರೆಗೆ ಓಡಿದೆ. ಡಾಕ್ಟರು ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರಕ್ತಭೇದಿ, ಅಂದರೆ ಕಾಕ್ಸಿಡಿಯಾ ಅಂದರು. ಮೂರರಿಂದ ಆರು ವಾರದ ಮರಿಗಳಲ್ಲಿ ಇದು ಜಾಸ್ತಿ. ಹಿಕ್ಕೆಯಲ್ಲಿ ಹೊರಬಂದ ರೋಗಾಣು ಒದ್ದೆ ಹೊಟ್ಟಿನಲ್ಲಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನಕ್ಕೇ ಬಲಿತು ಬೇರೆ ಮರಿಗಳ ಹೊಟ್ಟೆ ಸೇರಲು ತಯಾರಾಗುತ್ತದೆ. ನನ್ನ ನೀರಿನ ತಟ್ಟೆ ಬಲ್ಬಿನ ಕೆಳಗೇ ಇತ್ತು. ಮರಿಗಳು ತುಳಿದು ಚೆಲ್ಲಿ ಸುತ್ತ ಯಾವಾಗಲೂ ಒದ್ದೆ. ನಾನು ಮೇಲೆ ಮೇಲೆ ಹೊಸ ಹೊಟ್ಟು ಉದುರಿಸುತ್ತಿದ್ದೆ, ಅಡಿಯ ಹೊಟ್ಟು ತೆಗೆಯುತ್ತಿರಲಿಲ್ಲ.

"ಅಮ್ಮಾ, ಮೊದಲು ಸೊರಗಿದ ಮರಿಯ ಹಿಕ್ಕೆ ಆಗಲೇ ತಂದಿದ್ರೆ ಚೆನ್ನಾಗಿತ್ತು" ಅಂದರು ಡಾಕ್ಟರು. ಅದು ಶುರುವಿನಲ್ಲಿ ಸೊರಗಿದ್ದು ಚಳಿಗೆ ಇರಬಹುದು. ಕೊನೆಯ ಐದಾರು ದಿನ ಅದಕ್ಕೂ ಇದೇ ಕಾಯಿಲೆ ಇತ್ತೇನೋ. ಅದರ ಹಿಕ್ಕೆ ಮುಟ್ಟಿದ ಕೈಯಲ್ಲೇ ಎಷ್ಟು ಸಲ ಉಳಿದವಕ್ಕೆ ಮೇವು ಹಾಕಿದ್ದೇನೋ ಲೆಕ್ಕವಿಲ್ಲ. ಹತ್ತೊಂಬತ್ತರಲ್ಲಿ ಹದಿನಾಲ್ಕು ಉಳಿದವು.

ಇನ್ನೊಂದು ವಿಷಯ ಹೇಳಲೇಬೇಕು. ಡಾಕ್ಟರು ಕುಡಿಯುವ ನೀರಿಗೆ ಹಾಕಲು ಆಂಪ್ರೋಲಿಯಂ ಪುಡಿ ಬರೆದುಕೊಟ್ಟರು. ಬೇರೆ ಏನು ಕೊಡುತ್ತಿದ್ದೀರಿ ಅಂತ ಕೇಳಿದಾಗ ಟಾನಿಕ್ ಬಾಟಲಿ ತೋರಿಸಿದೆ. ತಕ್ಷಣ ನಿಲ್ಲಿಸಿ ಅಂದರು. ಆ ಪುಡಿ ಕೆಲಸ ಮಾಡುವುದೇ ರೋಗಾಣುವಿಗೆ ಬಿ1 ವಿಟಮಿನ್ ಸಿಗದ ಹಾಗೆ ತಡೆದು. ನಾವು ಪಕ್ಕದಲ್ಲೇ ಬಿ1 ಇರುವ ಟಾನಿಕ್ ಸುರಿದರೆ ಔಷಧಿಯ ಬಲ ಕುಗ್ಗುತ್ತದೆ. ಟಾನಿಕ್ ತಾನೇ, ಕೊಟ್ಟರೇನು ತಪ್ಪು ಅಂತ ಎಷ್ಟು ಜನ ಕೊಡುತ್ತೇವೆ, ಅಲ್ವಾ?

ಈ ವರ್ಷ ಫೆಬ್ರವರಿಯಲ್ಲಿ ಮತ್ತೆ ಹದಿನೈದು ಮರಿ ತಂದೆವು. ಅದರಲ್ಲೂ ಒಂದು ಸಣ್ಣದು. ಈ ಸಲ ಮೊದಲು ಕೈ ಹಾಕಲಿಲ್ಲ, ನೋಡಿದೆ. ರಾತ್ರಿ ಹತ್ತಕ್ಕೆ, ಮತ್ತೆ ಬೆಳಗಿನ ಜಾವ. ಎಲ್ಲವೂ ಬಲ್ಬಿನ ಕೆಳಗೆ ಒಂದರ ಮೇಲೊಂದು ಒತ್ತಿಕೊಂಡಿದ್ದರೆ ಚಳಿ. ಮೂಲೆಗೆ ಓಡಿ ಬಾಯಿ ಬಿಟ್ಟು ಏದುಸಿರು ಬಿಡುತ್ತಿದ್ದರೆ ಸೆಕೆ. ಹರಡಿಕೊಂಡು ಮಲಗಿದ್ದರೆ ಸರಿ ಇದೆ ಅಂತ. ಮೊದಲ ವಾರ ಮರಿ ಕೂರುವ ಮಟ್ಟದಲ್ಲಿ ಸುಮಾರು 35 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ನಮ್ಮ ಪೆಟ್ಟಿಗೆಯಲ್ಲಿ ಎಲ್ಲವೂ ಒತ್ತಿಕೊಂಡಿದ್ದವು, ಸಣ್ಣದು ಗುಂಪಿನ ಹೊರ ಅಂಚಿನಲ್ಲಿ ನಡುಗುತ್ತಿತ್ತು. ತಂಪಾದ ಮರಿ ತಿಂದದ್ದೆಲ್ಲ ಮೈ ಬೆಚ್ಚಗಿಡಲೇ ಖರ್ಚಾಗುತ್ತದೆ, ಬೆಳೆಯಲು ಏನು ಉಳಿಯುತ್ತದೆ? ಬಲ್ಬು ಇನ್ನೊಂದು ಹಾಕಿದೆವು. ಕರೆಂಟು ಹೋದರೆ ಅಂತ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಟ್ಟೆವು.

ಅದೇ ಪೆಟ್ಟಿಗೆಯಲ್ಲಿ ತಂತಿ ಜಾಲರಿ ಅಡ್ಡ ಇಟ್ಟು ಈ ಮರಿಗೆ ಬೇರೆ ಜಾಗ ಮಾಡಿದೆ. ಜೊತೆಗೆ ಇನ್ನೊಂದು ಸಾಧು ಮರಿ. ಕಡೆಗೆ ನಮ್ಮತ್ತೆ ಹೇಳಿದ್ದೇ ಸರಿಯಾಯಿತು, ಜೊತೆ ಇದ್ದರೆ ಅದು ತಿನ್ನುವುದನ್ನು ನೋಡಿ ಇದೂ ಕುಕ್ಕುತ್ತದೆ. ಮರಿಗಳ ಸ್ಟಾರ್ಟರ್ ಮೇವನ್ನೇ ಉಗುರು ಬೆಚ್ಚಗಿನ ನೀರಲ್ಲಿ ಪುಡಿಪುಡಿಯಾಗಿ ನೆನೆಸಿ ತಟ್ಟೆಯಲ್ಲಿ ಇಡುತ್ತಿದ್ದೆ. ಎರಡು ಮೂರು ಗಂಟೆಯಾದರೆ ಎಸೆದು ಹೊಸದು. ದಿನಕ್ಕೊಮ್ಮೆ ಕಡಲೆಕಾಳಿನಷ್ಟು ಬೇಯಿಸಿದ ಮೊಟ್ಟೆಯ ಹಳದಿ. ನೀರಿಗೆ ಕೊಕ್ಕಿನ ತುದಿ ಅದ್ದಿ ತೋರಿಸಿದರೆ ಸಾಕು, ಅದೇ ಕುಡಿಯುತ್ತದೆ. ತಟ್ಟೆಯಲ್ಲಿ ನಾಲ್ಕು ಕಲ್ಲು ಹಾಕಿದರೆ ಬಿದ್ದು ಒದ್ದೆಯಾಗುವುದಿಲ್ಲ. ಮನೆಯಲ್ಲಿದೆ ಅಂತ ಮೊಟ್ಟೆಕೋಳಿಯ ಮೇವು ಮಾತ್ರ ಹಾಕಬೇಡಿ. ಅದರಲ್ಲಿ ಸುಣ್ಣದಂಶ ಮರಿಗೆ ಬೇಕಾದ್ದಕ್ಕಿಂತ ತುಂಬಾ ಜಾಸ್ತಿ, ಮೂತ್ರಪಿಂಡ ಕೆಡುತ್ತದೆ.

ಮಲಗುವ ಹೊತ್ತಿಗೆ ಎದೆಯ ಮೇಲ್ಭಾಗದಲ್ಲಿ, ಕತ್ತಿನ ಬುಡದ ಹತ್ತಿರ ಬೆರಳಿಂದ ಮೆಲ್ಲಗೆ ಮುಟ್ಟಿ ನೋಡಿ. ಅಲ್ಲೇ ಕಾಳಿನ ಚೀಲ. ಮೆತ್ತಗೆ ಉಬ್ಬಿದ್ದರೆ ಹೊಟ್ಟೆ ತುಂಬಿದೆ. ಬೆಳಿಗ್ಗೆ ಅದು ಬರಿದಾಗಿರಬೇಕು. ಹಿಂಭಾಗಕ್ಕೆ ಹಿಕ್ಕೆ ಅಂಟಿದ್ದರೆ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ, ನೆನೆದು ತಾನೇ ಬಿಡುತ್ತದೆ. ಒರೆಸಿ, ಪೂರ್ತಿ ಒಣಗಿಸಿ, ಚೂರು ಕೊಬ್ಬರಿ ಎಣ್ಣೆ ಸವರಿ. ಹೊಟ್ಟೆಯ ಕಡೆ ಒಣಗಿದ ಹೊಕ್ಕುಳು ಇರುತ್ತದೆ, ಅದನ್ನೂ ಹಿಕ್ಕೆ ಅಂತ ಕೀಳಬೇಡಿ.

ಸಣ್ಣದೆಲ್ಲ ಕಾಯಿಲೆಯದೂ ಅಲ್ಲ. ಹೊಸದಾಗಿ ಮೊಟ್ಟೆಗೆ ಬಂದ ಕೋಳಿಯ ಸಣ್ಣ ಮೊಟ್ಟೆಯಿಂದ ಸಣ್ಣ ಮರಿಯೇ ಬರುತ್ತದೆ. ಗಿರಿರಾಜದ ಜೊತೆ ನಾಟಿ ಮರಿ ಬಿಟ್ಟಿದ್ದರೆ ನಾಟಿ ಹಿಂದೆ ಬಿದ್ದಂತೆ ಕಂಡೇ ಕಾಣುತ್ತದೆ, ಅದರ ಬೆಳವಣಿಗೆಯೇ ನಿಧಾನ. ದಿನಾ ಬೆಳಿಗ್ಗೆ ಮೇವಿಗೆ ಮುಂಚೆ ತೂಕ ಹಾಕಿ ಬರೆದಿಡಿ. ಉಳಿದವಕ್ಕಿಂತ ಕಮ್ಮಿ ಇದ್ದರೂ ದಿನಾ ಒಂದೆರಡು ಗ್ರಾಂ ಏರುತ್ತಿದ್ದರೆ, ಚುರುಕಾಗಿದ್ದರೆ, ಅದರ ಪಾಡಿಗೆ ಬಿಡಿ. ಈ ಸಲದ ಮರಿ 36 ಗ್ರಾಂನಲ್ಲೇ ಮೂರು ದಿನ ನಿಂತಿತ್ತು. ಬೆಚ್ಚಗಾದ ಮಾರನೇ ದಿನ 38.

ಬೆಚ್ಚಗೆ ಮಾಡಿದ ಮೇಲೂ ಎರಡು ದಿನ ತೂಕ ಏರದಿದ್ದರೆ, ರೆಕ್ಕೆ ಇಳಿಬಿಟ್ಟರೆ, ಹಿಕ್ಕೆಯಲ್ಲಿ ಕೆಂಪು ಕಂಡರೆ ಮನೆಮದ್ದಿಗೆ ಕಾಯದೆ ಪಶು ಆಸ್ಪತ್ರೆಗೆ ಹೋಗಿ. ಅವತ್ತಿನ ಬೆಳಗಿನ ಹಸಿ ಹಿಕ್ಕೆಯನ್ನು ಪೆಟ್ಟಿಗೆಯ ಮೂರ್ನಾಲ್ಕು ಕಡೆಯಿಂದ ಒಂದು ಚಮಚದಷ್ಟು ತೆಗೆದು ಮುಚ್ಚಳದ ಡಬ್ಬಿಯಲ್ಲಿ ಒಯ್ಯಿರಿ, ಒಣಗಿಸಬೇಡಿ. ಹಾಕುತ್ತಿರುವ ಮೇವಿನ ಚೀಟಿ, ಕೊಟ್ಟಿರುವ ಟಾನಿಕ್ ಬಾಟಲಿ ಎರಡೂ ಜೊತೆಗಿರಲಿ.