ಸ್ಕ್ರೀನ್ ಸರಿ ಕಾಣದಿದ್ದರೆ ಮೊದಲು ಕೇಬಲ್ ನೋಡಿ, ಫಾರ್ಮ್ಯಾಟ್ ಮಾಡಿಸಬೇಡಿ

ವಿಜಯಪುರದ ಗಾಂಧಿ ಚೌಕದ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬ್ಯಾನರ್, ಕರಪತ್ರ, ಇದೇ ಕೆಲಸ. ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್, ಅದರಲ್ಲಿ ಡಿಸೈನ್ ಮಾಡಲು ಇಂಕ್‌ಸ್ಕೇಪ್. ಹೋದ ಬೇಸಿಗೆಯಲ್ಲಿ ಮದುವೆ ಸೀಸನ್ ಜೋರಾಗಿದ್ದಾಗಲೇ ಹಳೆಯ ಮಾನಿಟರ್ ಕೈಕೊಟ್ಟಿತು. ಸೆಕೆಂಡ್ ಹ್ಯಾಂಡ್ 22 ಇಂಚಿನದೊಂದು ತಂದೆ. ಜೊತೆಗೆ ಬಂದ ವಿಜಿಎ ಕೇಬಲ್ಲನ್ನೇ (ಮಾನಿಟರನ್ನು ಕಂಪ್ಯೂಟರಿಗೆ ಜೋಡಿಸುವ ಹಳೆಯ ಬಗೆಯ ಕೇಬಲ್) ಸಿಕ್ಕಿಸಿದೆ.

ಅಕ್ಷರವೆಲ್ಲ ದಪ್ಪ, ಚಿತ್ರವೆಲ್ಲ ಅಗಲ. ಬ್ಯಾನರಿಗೆ ಹಾಕಿದ್ದ ಗೋಳಗುಮ್ಮಟ ನೋಡಿ ಗಿರಾಕಿಯೊಬ್ಬರು, “ಇದೇನ್ರೀ, ಗುಮ್ಮಟ ಚಪ್ಪಟಿ ಆಗೇತಲ್ಲ?” ಎಂದರು. ಮಾನಿಟರ್ 1920×1080 ಚುಕ್ಕಿಗಳ ಅಳತೆಯದು. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1024×768ಕ್ಕಿಂತ ಮೇಲೆ ಏನೂ ಇರಲಿಲ್ಲ.

ಆಮೇಲೆ ಮಾಡಿದ್ದನ್ನು ನೀವು ಮಾಡಬೇಡಿ. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಎಕ್ಸ್‌ಆರ್ಗ್ ಡಾಟ್ ಕಾನ್ಫ್ (xorg.conf) ಅನ್ನುವ, ಸ್ಕ್ರೀನ್ ಹೇಗೆ ನಡೆಸಬೇಕೆಂದು ಲಿನಕ್ಸಿಗೆ ಹೇಳುವ ಫೈಲನ್ನು ಓದದೆ ತಂದು ಹಾಕಿದೆ. ಅದರಲ್ಲಿ ಎನ್‌ವಿಡಿಯಾ ಡ್ರೈವರ್ ಅಂತ ಬರೆದಿತ್ತು. ನನ್ನದು ಇಂಟೆಲ್ ಕಂಪನಿಯ ಗ್ರಾಫಿಕ್ಸ್, ಆ ಡ್ರೈವರ್ ಅದಕ್ಕೆ ಹೊಂದುವುದಿಲ್ಲ. ರೀಸ್ಟಾರ್ಟ್ ಆದ ಮೇಲೆ ಬರೀ ಕಪ್ಪು.

ಗಾಬರಿಯಲ್ಲಿ ರಿಪೇರಿ ಅಂಗಡಿಗೆ ಒಯ್ದೆ. “ಲಿನಕ್ಸ್ ಕೆಟ್ಟೈತ್ರೀ, ವಿಂಡೋಸ್ ಹಾಕಿ ಕೊಡ್ತೀನಿ” ಅಂದರು. ಫೈಲ್ ಉಳಿಸಿ ಅಂತ ಬಾಯಲ್ಲಿ ಹೇಳಿ ಬಂದೆ. ಸಂಜೆ ಹೋದರೆ ಡಿಸ್ಕ್ ಪೂರ್ತಿ ಖಾಲಿ. ಸ್ಕ್ರೀನ್ ಮಾತ್ರ ಅದೇ 1024×768!

ಮರುದಿನ ಪ್ರಿಂಟಿಗೆ ಹೋಗಬೇಕಿದ್ದ ಲಗ್ನಪತ್ರಿಕೆಯೂ ಅದರಲ್ಲಿತ್ತು. ಹುಡುಗಿಯ ಅಪ್ಪ ಇಂಡಿ ಕಡೆಯವರು. ಮೂರು ಸಲ ಬಂದು ಪ್ರೂಫ್ ತಿದ್ದಿಸಿದ್ದರು. ಯಾವ ಕಾಕಾನ ಹೆಸರು ಮೊದಲು, ಯಾವ ಅಜ್ಜನ ಹೆಸರಿನ ಹಿಂದೆ ‘ಲಿಂ.’ ಬರಬೇಕು, ಎಲ್ಲ ನೋಡಿ ನೋಡಿ ಹಾಕಿಸಿದ್ದು. ಫೋನ್ ಮಾಡಿ ವಿಷಯ ಹೇಳಿದೆ. ಅವರು ಬೈಯಲಿಲ್ಲ. ಕೊನೆಯ ಬಸ್ಸಿಗೆ ಬಂದರು. ಗೆಳೆಯನ ಅಂಗಡಿಯಲ್ಲಿ ನನ್ನ ಪಕ್ಕ ಕೂತು, ನಡುರಾತ್ರಿವರೆಗೆ ಒಂದೊಂದೇ ಹೆಸರು ಹೇಳಿ ಬರೆಸಿದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ವಾರದ ಮೇಲೆ ಬಾಗಲಕೋಟೆಯಿಂದ ತಂಗಿಯ ಮಗ ಬಂದ. ಕೇಬಲ್ ಬಿಚ್ಚಿ, “ಮಾಮಾ, ಇದರಾಗ ಒಂದು ಪಿನ್ ಮುರದೈತಿ ನೋಡು” ಅಂದ. ವಿಜಿಎಯಲ್ಲಿ 15 ಪಿನ್‌ಗಳ ಜಾಗ ಇರುತ್ತದೆ. ಮಾನಿಟರ್ ತಾನು ಯಾವ ಅಳತೆ ತೋರಿಸಬಲ್ಲೆ ಅಂತ ಕಂಪ್ಯೂಟರಿಗೆ ತಿಳಿಸುವುದು 12 ಮತ್ತು 15ನೆಯ ಪಿನ್‌ಗಳ ಮೂಲಕ. ಆ ಮಾಹಿತಿಗೆ ಇಡಿಐಡಿ ಅನ್ನುತ್ತಾರೆ. ಅದು ಸಿಗದಿದ್ದರೆ ಕಂಪ್ಯೂಟರ್ ಯಾವ ಮಾನಿಟರಿಗೂ ಹೊಂದುವ ಸಣ್ಣ ಅಳತೆಗೇ ನಿಲ್ಲುತ್ತದೆ. ನನ್ನ ಕೇಬಲ್ಲಿನಲ್ಲಿ ಮುರಿದಿದ್ದು 12ನೆಯದು. 9ನೆಯ ಪಿನ್ ಎಷ್ಟೋ ಕೇಬಲ್‌ಗಳಲ್ಲಿ ಇರುವುದೇ ಇಲ್ಲ, ಅದಕ್ಕೆ ಹೆದರಬೇಡಿ. ಹೊಸ ಕೇಬಲ್ ಹಾಕಿದ ಕೂಡಲೇ ಗುಮ್ಮಟ ದುಂಡಗಾಯಿತು.

ನಿಮಗೂ ಹೀಗಾದರೆ ಮೊದಲು ಕೇಬಲ್ ಬದಲಿಸಿ. ನಡುವೆ ಎಚ್‌ಡಿಎಂಐ-ವಿಜಿಎ ಕನ್ವರ್ಟರ್ ಇದ್ದರೆ ಅದನ್ನೂ ಬದಲಿಸಿ ನೋಡಿ. ಅದಕ್ಕೂ ಸರಿಹೋಗದಿದ್ದರೆ ಟರ್ಮಿನಲ್ಲಿನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಎಕ್ಸ್‌ರ‍್ಯಾಂಡರ್ (xrandr) ಕಮಾಂಡಿನಿಂದ ಹೊಸ ಅಳತೆ ಸೇರಿಸಬಹುದು. ಲಿನಕ್ಸಿನಲ್ಲಿ ಸ್ಕ್ರೀನ್ ನಡೆಸುವ ವ್ಯವಸ್ಥೆ ಎರಡು ಬಗೆ; ಇದು ಎಕ್ಸ್11ನಲ್ಲಿ ನಡೆಯುತ್ತದೆ, ವೇಲ್ಯಾಂಡ್‌ನಲ್ಲಿ ಇಲ್ಲ. ಹೀಗೆ ಸೇರಿಸಿದ್ದು ರೀಸ್ಟಾರ್ಟ್ ಮಾಡಿದರೆ ಹೋಗಿಬಿಡುತ್ತದೆ, ಹಾಗಾಗಿ ಕಾನ್ಫ್ ಫೈಲ್ ಮುಟ್ಟುವಷ್ಟು ಅಪಾಯವಿಲ್ಲ.

ಕಾನ್ಫ್ ಫೈಲ್ ಹಾಕಿ ಸ್ಕ್ರೀನ್ ಕಪ್ಪಾಗಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಬರೀ ಅಕ್ಷರಗಳ ಸ್ಕ್ರೀನ್ ಬರುತ್ತದೆ. ಅಲ್ಲಿ ಲಾಗಿನ್ ಆಗಿ, ಆ ಫೈಲಿನ ಹೆಸರು ಬದಲಿಸಿ ರೀಬೂಟ್ ಮಾಡಿ. ಅವತ್ತು ನನ್ನ ಕಂಪ್ಯೂಟರಿಗೆ ಬೇಕಿದ್ದದ್ದು ಇಷ್ಟೇ. ರಿಪೇರಿಗೆ ಕೊಡಲೇಬೇಕು ಅಂದರೆ ಲೈವ್ (ಡಿಸ್ಕ್ ಮುಟ್ಟದೆ ಲಿನಕ್ಸ್ ನಡೆಸುವ) ಪೆನ್‌ಡ್ರೈವಿನಿಂದ ಬೂಟ್ ಮಾಡಿ ಫೈಲೆಲ್ಲ ಬೇರೆ ಕಡೆ ಇಟ್ಟುಕೊಳ್ಳಿ. ಅದು ಬಾರದಿದ್ದರೆ ಹಾರ್ಡ್ ಡಿಸ್ಕ್ ಬಿಚ್ಚಿಸಿ ಮನೆಯಲ್ಲೇ ಇಟ್ಟು, ಉಳಿದದ್ದನ್ನು ಮಾತ್ರ ಕೊಡಿ.