ಬೀಟಲ್‌ಗೆ 87 ಮಿ.ಮೀ. ಪಿಸ್ಟನ್-ಬ್ಯಾರೆಲ್ ಸೆಟ್: ಕೊಳ್ಳಬಹುದು, ವೇಗಕ್ಕಾಗಿ ಅಲ್ಲ

ಫೋಕ್ಸ್‌ವ್ಯಾಗನ್ ಬೀಟಲ್‌ನ 1600 ಎಂಜಿನ್‌ನಲ್ಲಿ ಕೇಸ್ (ಬ್ಯಾರೆಲ್‌ಗಳು ಕೂರುವ ಎಂಜಿನ್ ಒಡಲು), ಹೆಡ್ (ಬ್ಯಾರೆಲ್ ಮೇಲಿನ ಮುಚ್ಚಳ) ಎರಡನ್ನೂ ಕೊರೆಸದೆ ಸಿಸಿ ಹೆಚ್ಚಿಸಲು ಈ ಸೆಟ್ಟೇ ಸರಿ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 69 ಮಿ.ಮೀ. ಹಾಗೇ ಉಳಿದು, ಬೋರ್ (ಬ್ಯಾರೆಲ್, ಅಂದರೆ ಸಿಲಿಂಡರಿನ ಒಳವ್ಯಾಸ) 85.5ರಿಂದ 87ಕ್ಕೆ ಏರುತ್ತದೆ. 1584 ಸಿಸಿ ಇದ್ದದ್ದು 1641 ಆಗುತ್ತದೆ. ಅಷ್ಟಕ್ಕೇ ಪಿಕಪ್ ಬಂತು ಅನ್ನಿಸಿದರೆ ಅದರಲ್ಲಿ ಬಹುಪಾಲು ಸವೆದ ರಿಂಗುಗಳು ಹೋಗಿ ಕಂಪ್ರೆಷನ್ ಮರಳಿದ್ದರಿಂದ. ಹೇಗೂ ಹಳೆಯ ಸೆಟ್ ಬದಲಿಸಬೇಕಾಗಿದೆ ಎನ್ನುವವರು ಕಣ್ಣು ಮುಚ್ಚಿ ಇದನ್ನು ಹಾಕಿಸಿ.

88 ಮಿ.ಮೀ. ಸ್ಲಿಪ್-ಇನ್ (ಕೊರೆಸದೆ ಹಾಗೇ ಕೂರುವ) ಸೆಟ್ ಮಾತ್ರ ಬೇಡ. ಕೇಸಿನ ಅದೇ ತೂತಿನಲ್ಲಿ ಕೂರಬೇಕಾದ್ದರಿಂದ ಬ್ಯಾರೆಲ್ ಗೋಡೆ ತೀರಾ ತೆಳು. ಬಿಸಿಗೆ ದುಂಡು ಕೆಟ್ಟು ಆಯಿಲ್ ಸುಡುತ್ತದೆ. ನಿಜವಾಗಿ ಶಕ್ತಿ ಬೇಕೆಂದರೆ ಕೇಸ್, ಹೆಡ್ ಕೊರೆಸಿ 90.5 ಹಾಕಿ, 1776 ಸಿಸಿ ಬರುತ್ತದೆ.

ಡಬ್ಬಿ ಬಿಚ್ಚಿದ ಕೂಡಲೇ ಜೋಡಿಸಬೇಡಿ. ನಾಲ್ಕೂ ಪಿಸ್ಟನ್ ಒಂದೇ ತೂಕ ಇವೆಯೇ ಎಂದು ತೂಗಿ ನೋಡಿ. ರಿಂಗನ್ನು ಬ್ಯಾರೆಲ್‌ನೊಳಗೆ ನೇರವಾಗಿ ಇಳಿಸಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ: ಕಂಪ್ರೆಷನ್ ರಿಂಗಿನ ಎರಡು ತುದಿಗಳ ನಡುವಿನ ಗ್ಯಾಪ್ 0.30ರಿಂದ 0.45 ಮಿ.ಮೀ. ಇರಬೇಕು. ಕಡಿಮೆಯಿದ್ದರೆ ಬಿಸಿಯಲ್ಲಿ ತುದಿಗಳು ಒಂದಕ್ಕೊಂದು ಒತ್ತಿ ಬ್ಯಾರೆಲ್ ಗೀರುತ್ತದೆ. ಬ್ಯಾರೆಲ್ ಸುತ್ತಲಿನ ಫಿನ್‌ಗಳ (ತಂಪಾಗಿಸುವ ಏಣುಗಳ) ನಡುವೆ ಎರಕದ ಚೂರು ಉಳಿದಿದ್ದರೆ ಅರದಿಂದ ಕೆರೆದು ತೆಗೆಯಿರಿ. ಈ ಎಂಜಿನ್‌ಗೆ ರೇಡಿಯೇಟರ್ ಇಲ್ಲ, ಆ ಸಂದಿನಲ್ಲಿ ನುಗ್ಗುವ ಗಾಳಿಯೇ ಅದರ ಪ್ರಾಣ.

ಪಿಸ್ಟನ್ ಮೇಲಿನ ಬಾಣ ಫ್ಲೈವೀಲ್ ಕಡೆಗಿರಲಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಬ್ಯಾರೆಲ್ ಅಂಚಿನಿಂದ 1ರಿಂದ 1.5 ಮಿ.ಮೀ. ಕೆಳಗೆ ನಿಲ್ಲಬೇಕು, ಮೇಲೆ ನಿಂತರೆ ಬ್ಯಾರೆಲ್ ಬುಡಕ್ಕೆ ಶಿಮ್ (ತೆಳು ಲೋಹದ ಬಳೆ) ಕೊಡಿ, ಇಲ್ಲವಾದರೆ ಕಂಪ್ರೆಷನ್ ಮಿತಿಮೀರಿ ಎಂಜಿನ್ ನಾಕ್ ಹೊಡೆಯುತ್ತದೆ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಟಕಟಕ ಸದ್ದು). ಹಳೆಯ ಪುಶ್‌ರಾಡ್ ಟ್ಯೂಬುಗಳನ್ನೇ (ವಾಲ್ವ್ ತೆರೆಯುವ ಕಡ್ಡಿಗಳು ಹಾದುಹೋಗುವ, ಕೇಸ್-ಹೆಡ್ ನಡುವಿನ ಕೊಳವೆಗಳು) ಹಾಕುವುದಾದರೆ 190-191 ಮಿ.ಮೀ. ಉದ್ದಕ್ಕೆ ಎಳೆದುಕೊಳ್ಳಿ, ಗಿಡ್ಡ ಉಳಿದರೆ ಸೀಲ್ ಬಿಗಿಯಾಗದೆ ಆಯಿಲ್ ತೊಟ್ಟಿಕ್ಕುತ್ತದೆ.

ಬ್ಯಾರೆಲ್‌ಗಳ ಅಡಿಯಲ್ಲಿ ಕೂರುವ ಗಾಳಿ ತಿರುಗಿಸುವ ತಗಡನ್ನು ಹೆಡ್ ಕೂರಿಸುವ ಮುಂಚೆಯೇ ಸಿಕ್ಕಿಸಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ತಗಡಿಲ್ಲದೆ ಗಾಳಿ ಬ್ಯಾರೆಲ್ ಸುತ್ತ ಹರಿಯದೆ ನೇರ ಕೆಳಗಿಳಿದುಹೋಗುತ್ತದೆ. ಫ್ಯಾನ್ ಹೌಸಿಂಗ್‌ನ ಒಳಗೇ ಆಯಿಲ್ ಕೂಲರ್ ಇರುವ ಹಳೆಯ ಎಂಜಿನ್‌ಗಳಲ್ಲಿ ಮೊದಲೇ ಬಿಸಿಗಾಳಿ ಕುಡಿಯುವ 3ನೇ ಸಿಲಿಂಡರ್ ಮೊದಲು ಸಾಯುತ್ತದೆ.

ಹೆಡ್ ನಟ್ಟುಗಳನ್ನು ಮೊದಲು 10 ಎನ್‌ಎಂಗೆ (ನ್ಯೂಟನ್-ಮೀಟರ್, ಬಿಗಿತದ ಅಳತೆ), ಆಮೇಲೆ 10 ಮಿ.ಮೀ. ಸ್ಟಡ್‌ಗೆ 32, 8 ಮಿ.ಮೀ. ಸ್ಟಡ್‌ಗೆ 25 ಎನ್‌ಎಂವರೆಗೆ ಬಿಗಿಯಿರಿ. ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು) ಎಂಜಿನ್ ತಣ್ಣಗಿರುವಾಗ 0.15 ಮಿ.ಮೀ. ಇರಲಿ. ಆಯಿಲ್ ಹಿಡಿಯುವುದೇ 2.5 ಲೀಟರ್, ಕಾರ್ಖಾನೆ ಕೊಟ್ಟದ್ದು ಬರೀ ಜಾಲರಿ, ಫಿಲ್ಟರ್ ಇಲ್ಲ. ಹಾಗಾಗಿ ಮೊದಲ 500 ಕಿ.ಮೀ.ಗೇ ಆಯಿಲ್ ಬದಲಿಸಿ, ಜಾಲರಿ ತೊಳೆದು, ಟ್ಯಾಪೆಟ್ ಮತ್ತೆ ಅಳೆಯಿರಿ.